ಅಲುಗಾಡಿದ ಮುಖ

ಹೆಣದಷ್ಟು ಒಳ್ಳೆಯ ಗಿರಾಕಿ ಫೋಟೋದವರಿಗೆ ಬೇರೆ ಇಲ್ಲ ಎಂದು ನಮ್ಮ ಯಜಮಾನರು ಅಣ್ಣಾಜಿರಾಯರು ಹೇಳುತ್ತಿದ್ದರು. ಕೂರಿಸಿದ ಹಾಗೆ ಕೂತಿರುತ್ತದೆ. ಕೆಮ್ಮುವುದಿಲ್ಲ, ಮೂಗು ತುರಿಸಿಕೊಳ್ಳುವುದಿಲ್ಲ, ನನ್ನ ಮುಖ ಯಾಕೆ ಹೀಗೆ ಬಂತು ಎಂದು ಆಮೇಲೆ ಜಗಳಕ್ಕೂ ಬರುವುದಿಲ್ಲ. ಕೆಟ್ಟ ಮಾತು. ಎಷ್ಟೋ ಸಲ ಬೈದಿದ್ದೇನೆ. ಆದರೆ ಮಾತು ಸುಳ್ಳಲ್ಲ.

ರಾಣೆಬೆನ್ನೂರಿನ ಸ್ಟೇಶನ್ ರಸ್ತೆಯಲ್ಲಿ ನಮ್ಮದು ಮುಂದೆ ಸ್ಟುಡಿಯೋ, ಹಿಂದೆ ಸಂಸಾರ, ನಡುವೆ ಕೆಂಪು ದೀಪದ ಕತ್ತಲೆ ಕೋಣೆ. ಮದುವೆ ಮುಂಜಿವೆಗಳಿಗಿಂತ ಸಾವಿನ ಕರೆಯೇ ಹೆಚ್ಚು. ಸುತ್ತಿನ ಹಳ್ಳಿಗಳಲ್ಲಿ ಬಹಳ ಮನೆತನದವರು ಸತ್ತವರನ್ನು ಮಲಗಿಸುವುದಿಲ್ಲ. ಮೈ ತೊಳೆದು, ಬಾಯಿ ತೆರೆಯದ ಹಾಗೆ ಗದ್ದಕ್ಕೆ ಅರಿವೆ ಕಟ್ಟಿ, ಹಣೆ ತುಂಬ ವಿಭೂತಿ ಬಳಿದು, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಕೂರಿಸಿಯೇ ಮಣ್ಣು ಕೊಡುತ್ತಾರೆ. ಬದುಕಿದ್ದಾಗ ಫೋಟೋ ತೆಗೆಸುವ ಪುರುಸೊತ್ತು ಯಾರಿಗಿದೆ? ಸತ್ತ ದಿನ ನೆನಪಾಗಿ ಎತ್ತಿನ ಗಾಡಿ ನಮ್ಮ ಬಾಗಿಲಿಗೆ ಬರುತ್ತಿತ್ತು. ಯಜಮಾನರು ಮೂರು ಕಾಲಿನ ಕ್ಯಾಮೆರಾ ಹೇರಿಕೊಂಡು ಹೋಗಿ, ಹೆಣದ ಸುತ್ತ ಮನೆಮಂದಿಯನ್ನು ನಿಲ್ಲಿಸಿ, "ಅಲುಗಾಡಬ್ಯಾಡ್ರಿ" ಎಂದು ಕೂಗಿ, ಮಸೂರದ ಮುಚ್ಚಳ ತೆಗೆದು ಐದು ಸಲ ವಿಠ್ಠಲನ ಹೆಸರು ಹೇಳಿ ಮತ್ತೆ ಮುಚ್ಚುತ್ತಿದ್ದರು. ಅದೇ ಅವರ ಗಡಿಯಾರ. ಹಿಂತಿರುಗಿದ ಮೇಲೆ ಬಾವಿಕಟ್ಟೆಯಲ್ಲಿ ತಲೆಗೆ ನೀರು ಹಾಕಿಕೊಳ್ಳುವ ತನಕ ನಾನು ಒಳಗೆ ಬಿಡುತ್ತಿರಲಿಲ್ಲ. ಚಿತ್ರ ಹಿಡಿದು ತಂದ ಗಾಜಿನ ಪ್ಲೇಟಿಗೆ ಮಾತ್ರ ಮೈಲಿಗೆ ಇಲ್ಲ. ಯಾಕೆಂದರೆ ಪ್ಲೇಟಿನ ಕೆಲಸ ನನ್ನದು.

ಪ್ಲೇಟಿನಲ್ಲಿ ಕಪ್ಪು ಬೆಳ್ಳಗೆ, ಬಿಳಿ ಕರ್ರಗೆ ಇರುತ್ತದೆ. ಅದರ ಮೇಲೆ ಪೆನ್ಸಿಲಿನಿಂದ ಎಳೆದ ಗೆರೆ ಕಾಗದದಲ್ಲಿ ಬೆಳ್ಳಗೆ ಬೀಳುತ್ತದೆ. ಚಾಕುವಿನ ಮೊನೆಯಿಂದ ಕೆರೆದದ್ದು ಕರ್ರಗೆ. ಹೀಗೆ ಮುಚ್ಚಿದ ರೆಪ್ಪೆಗಳ ಮೇಲೆ ಕಣ್ಣು ಬರೆದು ಸತ್ತವರನ್ನು ಎಬ್ಬಿಸಿ ಕೂರಿಸುತ್ತಿದ್ದವಳು ನಾನು, ಭಾಗೀರಥೀಬಾಯಿ. ಹೆಸರೆಲ್ಲ ಯಜಮಾನರಿಗೆ. ಇರಲಿ. ಆ ಕೆಲಸದಲ್ಲಿ ನನಗೆ ಗೊತ್ತಾದದ್ದು ಒಂದಿದೆ. ಐದು ವಿಠ್ಠಲ ಮುಗಿಯುವ ತನಕ ಬದುಕಿದ್ದವರು ಸುಮ್ಮನಿರಲಾರರು. ಉಸಿರು ಬಿಡುತ್ತಾರೆ, ರೆಪ್ಪೆ ಬಡಿಯುತ್ತಾರೆ, ಬಿಕ್ಕುತ್ತಾರೆ. ಅವರ ಮುಖ ಒಂದಿಷ್ಟು ಮಸುಕಾಗುತ್ತದೆ. ಸತ್ತವರು ಮಾತ್ರ ಹುಬ್ಬಿನ ಕೂದಲು ಎಣಿಸುವಷ್ಟು ಚೊಕ್ಕಟವಾಗಿ ಮೂಡುತ್ತಾರೆ.

ನಲವತ್ತೆರಡರ ಮಳೆಗಾಲದಲ್ಲಿ ತುಂಗಭದ್ರೆಯ ದಂಡೆಯ ಮೇಡ್ಲೇರಿಯಲ್ಲಿ ಚಾವಡಿ ಸುಟ್ಟಿತು. ಸುಟ್ಟವರ ಮುಂದಾಳು ಪರಮೇಶಪ್ಪ ಎಂಬ ಹುಡುಗ. ತಡೆಯಲು ಬಂದ ಸಿಪಾಯಿಯ ದವಡೆಯನ್ನು ಕೊಡಲಿಯ ಕಾವಿನಿಂದ ಮುರಿದು ಹೊಳೆಗೆ ಹಾರಿ ತಪ್ಪಿಸಿಕೊಂಡಿದ್ದ. ಆಮೇಲೆ ಶುರುವಾಯಿತು ಪೊಲೀಸ್ ಫೌಜದಾರನ ದರಬಾರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮಗ ಸಿಗದಿದ್ದಕ್ಕೆ ತಾಯಿ ಮುತ್ತವ್ವನನ್ನು ಕಂಬಕ್ಕೆ ಕಟ್ಟಿ ಅಂಗಾಲಿಗೆ ಹೊಡೆಸಿದ. ಹೆಂಡತಿ ಶೇಖವ್ವನ ಜಡೆಯನ್ನು ಗಾಡಿಯ ಗಾಲಿಗೆ ಸುತ್ತಿಸಿದ. ಮನೆಯ ಹಂಚು ಒಡೆಸಿ ನೆಲದೊಳಗಿನ ಜೋಳದ ಹಗೇವಿಗೆ ನೀರು ಹೊಯ್ಸಿದ. ವಾರಕ್ಕೊಮ್ಮೆ ಸಂತೆಗೆ ಬಂದ ಹಾಗೆ ಬರುತ್ತಿದ್ದ.

ದಸರೆ ಕಳೆದ ಮೇಲೆ ಒಂದು ಮಧ್ಯಾಹ್ನ ಮುದುಕಿಯೊಬ್ಬಳು ಕುಂಟುತ್ತ ನಮ್ಮ ಕಟ್ಟೆ ಹತ್ತಿದಳು. ಮುತ್ತವ್ವನನ್ನು ನಾನು ನೋಡಿದ್ದು ಅದೇ ಮೊದಲು.

"ರಾಯರ, ನನ್ನ ಮಗನ ಹೆಣದ ಫೋಟೋ ತಗೀಬೇಕ್ರಿ," ಎಂದಳು.

"ಯಾವಾಗ ತೀರಿಕೊಂಡ?" ಯಜಮಾನರು ಕೇಳಿದರು.

"ಇನ್ನೂ ತೀರ್ಕೊಂಡಿಲ್ಲರಿ. ನಾಳೆ ಮುಂಜಾನೆ ತೀರ್ಕೊಳ್ಳಾಂವ ಅದಾನ."

ಅವಳು ಕೂತು ಕಾಲು ಚಾಚಿ ಅಂಗಾಲು ತೋರಿಸಿದಳು. ಹಿಮ್ಮಡಿಯಿಂದ ಬೆರಳಿನ ತನಕ ಅಡ್ಡಡ್ಡ ಸೀಳಿ, ಒಣಗಿ, ಮತ್ತೆ ಸೀಳಿತ್ತು.

"ಇದಕ್ಕ ನಾ ಅಂಜಂಗಿಲ್ಲರಿ ಬಾಯಾರ," ಎಂದು ನನ್ನ ಕಡೆ ತಿರುಗಿದಳು. "ಸೊಸಿ ಬಸುರಿ ಅದಾಳ. ಮೊನ್ನೆ ಫೌಜದಾರ ಆಕಿ ಹೊಟ್ಟಿ ಮ್ಯಾಲೆ ಬೂಟು ಇಟ್ಟು ಹೇಳ್ಯಾನ, ಮುಂದಿನ ವಾರ ಗಂಡ ಬರಲಿಲ್ಲಂದ್ರ ಕೂಸನ್ನ ಇಲ್ಲೇ ಹೊರಗ ತಗೀತೇನಿ ಅಂತ. ಮಗ ಸತ್ತಾನಂದ್ರ ಬಿಟ್ಟಾನು. ಊರಾಗ ವಾಂತಿಭೇದಿ ಐತಿ, ಹಿರ್‍ಯಾರು ಹೂಂ ಅಂದಾರ. ನಿಮ್ಮ ಫೋಟೋ ಒಂದಿದ್ರ ನಂಬ್ತಾನ್ರಿ."

ನಾನು ಯಜಮಾನರನ್ನು ಒಳಗೆ ಕರೆದು, "ಈ ಉಸಾಬರಿ ನಮಗ ಬ್ಯಾಡ್ರಿ. ಸುಳ್ಳು ಫೋಟೋ ತಗದು ಸೆರಿಮನಿಗೆ ಹೋಗ್ತೀರೇನು?" ಎಂದೆ.

"ನಾವು ಇಲ್ಲಿತನಕಾ ಖರೇ ಫೋಟೋ ಯಾವಾಗ ತಗದೀವಿ?" ಎಂದರು ಅವರು. "ಸತ್ತವರ ಕಣ್ಣು ತಗಸ್ತೀ ನೀನು. ಒಬ್ಬ ಬದುಕಿದ್ದವನ ಕಣ್ಣು ಮುಚ್ಚಸಲಿಕ್ಕೆ ಆಗೂದಿಲ್ಲೇನ?" ಆಗಲೇ ಕರಿ ಅರಿವೆ ಮಡಚುತ್ತಿದ್ದರು. ನನ್ನ ಮಾತು ಎಂದು ಕೇಳಿದ್ದಾರೆ?

ಮರುದಿನ ಹೋಗಿ ಬಂದು ಬಾವಿಕಟ್ಟೆಯಲ್ಲಿ ಕೂತು ಎಲ್ಲ ಹೇಳಿದರು. ಪರಮೇಶಪ್ಪ ನಸುಕಿನಲ್ಲಿ ಹೊಳೆ ಈಜಿ ಬಂದಿದ್ದನಂತೆ. ಗಡ್ಡ ಬೋಳಿಸಿ, ಗದ್ದಕ್ಕೆ ಅರಿವೆ ಕಟ್ಟಿ, ವಿಭೂತಿ ಬಳಿದು ಕೂರಿಸಿದಾಗ ಅವನೇ ನಗೆಯಾಡಿದನಂತೆ: "ರಾಯರ, ಚಂದಗೆ ತಗೀರಿ. ಸತ್ತ ಮ್ಯಾಲೆ ಮತ್ತ ತಗಸಾಕ ಬರಾಕ ಆಗಂಗಿಲ್ಲ." ಶೇಖವ್ವ ಗಂಡನ ಎದುರೇ ಬಳೆಗಳನ್ನು ಕಲ್ಲಿಗೆ ಕುಟ್ಟಿ ಒಡೆದುಕೊಂಡಳು, ಕುಂಕುಮ ಒರೆಸಿಕೊಂಡಳು. ಅಳುವ ನಾಟಕ ಎಂದು ಶುರುವಾದದ್ದು ನಾಲ್ಕನೇ ವಿಠ್ಠಲಕ್ಕೆ ಖರೆ ಅಳುವೇ ಆಯಿತು. ಅವಳ ಆ ಕೂಗು ಕೇಳಿ ಹೆಣದ ರೆಪ್ಪೆ ನಡುಗಿತು. ಯಜಮಾನರ ಹತ್ತಿರ ಇದ್ದದ್ದು ಅದೊಂದೇ ಪ್ಲೇಟು, ಯುದ್ಧದ ಕಾಲಕ್ಕೆ ಇನ್ನೊಂದು ತರುವುದಾದರೂ ಎಲ್ಲಿಂದ? ಆಮೇಲೆ ಊರವರು ಉಪ್ಪಿನ ಮೂಟೆಗೆ ಬಿಳಿ ಅರಿವೆ ಸುತ್ತಿ, ಕುಣಿಯಲ್ಲಿ ಕೂರಿಸಿ ಮಣ್ಣೆಳೆದರು. ಪರಮೇಶಪ್ಪ ತನ್ನ ಕುಣಿಗೆ ತಾನೇ ಒಂದು ಹಿಡಿ ಮಣ್ಣು ಹಾಕಿ ಹೊಳೆಗಿಳಿದು ಹೋದ.

ಪ್ಲೇಟು ತೊಳೆದಾಗ ಮುಖ ಅಲುಗಾಡಿತ್ತು. ಎರಡೆರಡು ಮೂಗು, ರೆಪ್ಪೆಯ ಮೇಲೆ ಇನ್ನೊಂದು ರೆಪ್ಪೆ. ಯಾರು ನೋಡಿದರೂ ಉಸಿರಿದ್ದವನ ಮುಖ. ಪೆನ್ಸಿಲು ಮೊನೆ ಮಾಡಿಕೊಂಡು ಕೂತೆ. ಚಾಕು ಮಾತ್ರ ಮುಟ್ಟಿಸಲಿಲ್ಲ, ಬದುಕಿದ್ದವನ ಮುಖಕ್ಕೆ ಚಾಕು ತಾಗಿಸಲು ಕೈ ಬರಲಿಲ್ಲ. ಅವನ ಎಡಗಿವಿ ಹರಿದಿತ್ತು, ಹುಬ್ಬಿನ ತುದಿಗೆ ಒಂದು ಗುಳ್ಳೆಯ ಕಲೆ ಇತ್ತು. ಅವನನ್ನು ಕಣ್ಣಾರೆ ಕಾಣದೆ ಅವನ ಮುಖದ ಕೂದಲು ಕೂದಲು ನನಗೆ ಗೊತ್ತಾಗಿಹೋಯಿತು. ಒಂದೊಂದೇ ಗೆರೆ ತುಂಬಿ ಅವನನ್ನು ಸಾಯಿಸಿದೆ. ಕೊನೆಗೆ ಕಾಗದದಲ್ಲಿ ಹೆಣ ಹೆಣವಾಯಿತು.

ಫೌಜದಾರ ಫೋಟೋ ತೆಗೆದುಕೊಂಡು ನೆಟ್ಟಗೆ ನಮ್ಮ ಮನೆಗೇ ಬಂದ. ವಾಂತಿಭೇದಿಯ ಹೆಣ ಅಗೆಯಲು ಸಿಪಾಯಿಗಳು ಒಪ್ಪಿರಲಿಲ್ಲ, ಆ ಸಿಟ್ಟು ಮೂಗಿನ ಮೇಲೇ ಇತ್ತು.

"ಏನ್ ಫೋಟೋರಾಯ, ಇಂವ ಸತ್ತದ್ದನ್ನ ನಿನ್ನ ಕಣ್ಣಾರೆ ನೋಡೀಯೇನ?"

"ನೋಡೇನ್ರಿ."

"ಬಲಗೈ ಹೊಸ್ತಿಲದ ಮ್ಯಾಲೆ ಇಡು."

ಸಿಪಾಯಿಯೊಬ್ಬ ಅವರ ಬೆನ್ನ ಮೇಲೆ ಮೊಣಕಾಲೂರಿ ಕೂತ. ಇನ್ನೊಬ್ಬ ಬಂದೂಕಿನ ಹಿಡಿ ಎತ್ತಿ ಬೆರಳಿನ ಮೇಲೆ ಕುಟ್ಟಿದ. ನಾನು ಕೂಗಿಕೊಂಡು ಓಡಿ ಬಂದೆ. ಮೂರನೆಯವನು ನನ್ನನ್ನು ಗೋಡೆಗೆ ಒತ್ತಿ ಹಿಡಿದ.

"ಈಗ ಹೇಳು. ಸತ್ತಿದ್ನೇನ?"

"ಸತ್ತಿದ್ದರಿ."

ಮತ್ತೆ ಕುಟ್ಟಿದರು. ಹಸಿ ಕಟ್ಟಿಗೆ ಮುರಿದ ಸದ್ದು ಬಂತು. ಹೊಸ್ತಿಲಿಗೆ ನಾನು ಬೆಳಿಗ್ಗೆ ಹಾಕಿದ ರಂಗೋಲಿ ಕೆಂಪಾಯಿತು. ನಾನು ಒಂದು ಮಾತು ಆಡಿದ್ದರೆ ಅದು ನಿಲ್ಲುತ್ತಿತ್ತು. ಅವರು ಅಷ್ಟರಲ್ಲೂ ತಲೆಯೆತ್ತಿ ನನ್ನನ್ನೇ ನೋಡಿದರು, ಬಾಯಿ ಬಿಟ್ಟೀಯಾ ಜೋಕೆ ಎನ್ನುವ ಹಾಗೆ. ನನ್ನ ಹಲ್ಲು ತುಟಿಯೊಳಗೆ ಇಳಿದು ರಕ್ತದ ರುಚಿ ಬಂತು.

"ಸತ್ತಿದ್ದರಿ," ಎಂದರು ಮತ್ತೆ.

"ಹಂಗಾರ ಸತ್ತಾನ ಬಿಡು," ಎಂದ ಫೌಜದಾರ, ತರಕಾರಿ ಬೆಲೆ ಕುದುರಿಸಿದವನ ಹಾಗೆ. ಫೋಟೋವನ್ನು ಕೋಟಿನ ಜೇಬಿಗೆ ಇಳಿಬಿಟ್ಟುಕೊಂಡು ಹೋದ. ಮೇಡ್ಲೇರಿಯ ಆ ಮನೆಗೆ ಮತ್ತೆ ಕಾಲಿಡಲಿಲ್ಲ. ಯಜಮಾನರ ಬಲಗೈ ಬೆರಳುಗಳು ಮತ್ತೆಂದೂ ಮಡಚಲಿಲ್ಲ. ಊಟ ಎಡಗೈಯಿಂದ. ಸಂಧ್ಯಾವಂದನೆಗೆ ಆಚಮನದ ನೀರು ಅಂಗೈಯಲ್ಲಿ ನಿಲ್ಲದೆ ಸೋರಿ ಹೋಗುತ್ತಿತ್ತು. ಕ್ಯಾಮೆರಾ ಅಂದಿನಿಂದ ನನ್ನ ಕೈಗೆ ಬಂತು.

ಮಾಘ ಮಾಸ. ಬ್ಯಾಡಗಿಯ ಕಡೆ ರೈಲುದಾರಿಯ ಪಕ್ಕ ತಂತಿ ಕತ್ತರಿಸುತ್ತಿದ್ದವರ ಮೇಲೆ ಗುಂಡು ಹಾರಿತು, ಒಬ್ಬ ಬಿದ್ದ, ಉಳಿದವರು ತಪ್ಪಿಸಿಕೊಂಡರು ಎಂಬ ಸುದ್ದಿ ಬಂತು. ಅದರ ಹಿಂದೆಯೇ ಸಿಪಾಯಿ ಬಂದ: ಫೌಜದಾರ ಸಾಹೇಬರ ಹುಕುಂ, ಹೆಣದ ಫೋಟೋ ತೆಗೆಯಬೇಕು, ಈಗಲೇ ಹೊರಡಿ. ನಾವಿಬ್ಬರೂ ಮುಂಜಾನೆಯ ರೈಲುಗಾಡಿ ಹತ್ತಿದೆವು.

ಬ್ಯಾಡಗಿಯಲ್ಲಿ ಅದು ಮೆಣಸಿನಕಾಯಿ ಸುಗ್ಗಿ. ನಮ್ಮ ಬ್ಯಾಡಗಿ ಕಾಯಿ ಖಾರಕ್ಕಲ್ಲ, ಬಣ್ಣಕ್ಕೆ ಹೆಸರಾದದ್ದು. ಆದರೂ ಸುಗ್ಗಿಯಲ್ಲಿ ರಾಶಿ ಕೆದಕಿದರೆ ಅದರ ಘಾಟು ಯಮನನ್ನೂ ಸೀನಿಸುತ್ತದೆ. ವ್ಯಾಪಾರಿಯೊಬ್ಬನ ಅಂಗಳವನ್ನು ಪೊಲೀಸರು ಹಿಡಿದುಕೊಂಡಿದ್ದರು. ಒಂದು ಕಡೆ ಕೆಂಪು ರಾಶಿಗಳು, ಮೂಗು ಬಾಯಿಗೆ ಸೆರಗು ಸುತ್ತಿಕೊಂಡು ತೊಟ್ಟು ಬಿಡಿಸುವ ಹೆಂಗಸರ ಸಾಲು. ಇನ್ನೊಂದು ಕಡೆ ಹೆಣ. ಕಾಲಿಗೆ ಹಗ್ಗ ಬಿಗಿದು ಗಾಡಿಯ ಹಿಂದೆ ಎಳೆದು ತಂದಿದ್ದರು. ಬೆನ್ನಿನ ಚರ್ಮ ದಾರಿಯಲ್ಲೇ ಉಳಿದಿತ್ತು. ಮುಖವೆಂದರೆ ರಕ್ತ, ಮಣ್ಣು, ಗಡ್ಡ ಕೂಡಿ ಹೆಪ್ಪುಗಟ್ಟಿದ ಒಂದು ಹೆಂಟೆ.

"ಇಂವ ಯಾರು ಅಂತ ಒಬ್ರೂ ಬಾಯಿ ಬಿಡವಲ್ರು," ಎಂದ ಫೌಜದಾರ. "ಫೋಟೋ ಎಲ್ಲಾ ಊರಿಗೂ ಕಳಸ್ತೀನಿ. ಹೆಸರು ತಿಳೀತಂದ್ರ ಊರು ತಿಳೀತದ. ಊರು ತಿಳೀತಂದ್ರ ಮನಿ. ಮನಿ ಸಿಕ್ಕ ಮ್ಯಾಲೆ ನನ್ನ ಕೆಲಸ ಸುರು."

ನಾನು ಹೆಣದ ಎಡಗಿವಿ ನೋಡಿದೆ. ಹರಿದಿತ್ತು. ಯಜಮಾನರು ಸೊಟ್ಟ ಕೈಯಿಂದ ನನ್ನ ಮೊಣಕೈ ಒತ್ತಿದರು. ಅವರಿಗೂ ಗೊತ್ತಾಗಿತ್ತು. ಸತ್ತು ನಾಲ್ಕು ತಿಂಗಳಾದ ಪರಮೇಶಪ್ಪ ಮತ್ತೆ ಸತ್ತು ನಮ್ಮ ಮುಂದೆ ಬಿದ್ದಿದ್ದ. ಇವನು ಅವನೇ ಎಂದು ತಿಳಿದರೆ ಶೇಖವ್ವ ಉಳಿಯುವುದಿಲ್ಲ, ಹೊಟ್ಟೆಯ ಕೂಸು ಉಳಿಯುವುದಿಲ್ಲ, ಸುಳ್ಳಿಗೆ ಹೂಂ ಎಂದ ಊರೂ ಉಳಿಯುವುದಿಲ್ಲ. ಕ್ಯಾಮೆರಾದ ಕಾಲು ಬಿಡಿಸುತ್ತ ಹೆಂಗಸರ ಸಾಲಿನ ಕಡೆ ಕಣ್ಣು ಹೋಯಿತು. ಕೊನೆಯವಳು ಕಾಲು ಚಾಚಿ ಕೂತಿದ್ದಳು. ಅಂಗಾಲಿನ ತುಂಬ ಅಡ್ಡಡ್ಡ ಸೀಳಿದ ಗುರುತು. ಮುಖ ಮುಚ್ಚಿದ್ದರೇನು, ಆ ಕಾಲು ನನಗೆ ಗೊತ್ತು. ಹಗೇವಿನ ಜೋಳ ಹೋದ ಮೇಲೆ ಮುತ್ತವ್ವ ಸುಗ್ಗಿಯ ಕೂಲಿಗೆ ಬಂದಿದ್ದಳು.

ಸಿಪಾಯಿಯೊಬ್ಬ ಬಕೆಟ್ಟು ತಂದು ಹೆಣದ ಮೋರೆಗೆ ನೀರು ಎರಚಿ, ಬೂಟಿನಿಂದ ತಲೆ ಹೊರಳಿಸಿದ. ಸಾಲಿನ ಕೊನೆಯಲ್ಲಿ ತೊಟ್ಟು ಬಿಡಿಸುತ್ತಿದ್ದ ಕೈ ನಿಂತಿತು. ತಾಯಿಯ ಕೈನೀರಾದರೂ ಬೀಳಲಿ ಅವನಿಗೆ ಎಂದುಕೊಂಡೆ.

"ಹಂಗ ತೊಳದ್ರ ಮುಖ ಬರೂದಿಲ್ಲರಿ ಸಾಹೇಬ್ರ," ಎಂದೆ. "ಗೋಡಿಗೆ ಆನಿಸಿ ಕೂಡಸ್ಬೇಕು. ಹೆಣ್ಣಮಗಳೊಬ್ಬಾಕಿ ಒರಸಿ ತೊಳೀಲಿ."

ಫೌಜದಾರ ಕೈಯಾಡಿಸಿದ. ನಾನು ಕರೆಯುವ ಮೊದಲೇ ಮುತ್ತವ್ವ ಎದ್ದಿದ್ದಳು. ಎಷ್ಟು ಮುದುಕಿಯರನ್ನು ಹೊಡೆಸಿದ್ದನೋ ಪುಣ್ಯಾತ್ಮ, ಅವನಿಗೆ ಇವಳ ಗುರುತೇ ಹತ್ತಲಿಲ್ಲ. ಸಿಪಾಯಿಗಳು ಹೆಣವನ್ನು ಎಳೆದು ಕೂರಿಸಿದರು. ಅವಳು ಸೆರಗಿನ ತುದಿ ಅದ್ದಿ ಹಣೆ, ಕೆನ್ನೆ, ಕಿವಿಯ ಸಂದು ಒರೆಸಿದಳು. ಗುಂಡು ಹೊಕ್ಕ ಕುತ್ತಿಗೆಯ ತೂತಿಗೆ ಬೆರಳು ತಾಗಿದಾಗ ಒಂದು ಗಳಿಗೆ ಅಲ್ಲೇ ಇಟ್ಟಳು. ಕಣ್ಣಿಂದ ದಳದಳ ನೀರು. ಯಾರಿಗೂ ಸಂಶಯ ಬರಲಿಲ್ಲ. ಆ ಘಾಟಿಗೆ ಸಿಪಾಯಿಗಳ ಕಣ್ಣಲ್ಲೂ ನೀರು, ಫೌಜದಾರನ ಕಣ್ಣಲ್ಲೂ ನೀರು. ಇಡೀ ಅಂಗಳವೇ ಅಳುತ್ತಿತ್ತು.

ಅವಳು ಸೀರೆಯ ಅಂಚು ಹರಿದು ಜೋತ ಗದ್ದಕ್ಕೆ ಕಟ್ಟಿದಳು. ಗಡ್ಡವೊಂದು ಬಿಟ್ಟರೆ ಅದು ನಾನು ಪೆನ್ಸಿಲು ಹಿಡಿದು ತಿದ್ದಿದ ಅದೇ ಮುಖ. ಫೌಜದಾರ ಎರಡು ಹೆಜ್ಜೆ ಮುಂದೆ ಬಂದ.

"ಇಂವನ್ನ ಎಲ್ಲೋ ನೋಡೀನಲ್ಲ," ಎಂದ. ಅವನ ಕೈ ಕೋಟಿನ ಜೇಬಿಗೆ ಇಳಿಯಿತು.

ಮುತ್ತವ್ವನಿಗೆ ಏನೂ ಕೇಳುತ್ತಿರಲಿಲ್ಲ. ಟೊಂಕದ ಗಂಟು ಬಿಚ್ಚಿ ವಿಭೂತಿ ತೆಗೆದು ಮೂರು ಬೆರಳಿಗೆ ಬಳಿದುಕೊಂಡು, ಮಗನ ಹಣೆಯ ಹತ್ತಿರ ಕೈ ಒಯ್ದಳು.

ನಾನು ಓಡಿ ಹೋಗಿ ಬೀಸಿ ಅವಳ ಕೆನ್ನೆಗೆ ಹೊಡೆದೆ.

"ಏ ಹುಚ್ಚಿ! ಕಂಡವರ ಹೆಣಕ್ಕ ಸಿಂಗಾರ ಮಾಡ್ತೀಯೇನ?" ಎಂದು ಕಿರುಚಿದೆ. "ಮುಖದ ಮ್ಯಾಲೆ ಬೂದಿ ಬಿದ್ರ ಫೋಟೋ ಕೆಡ್ತದ!" ಗದ್ದದ ಅರಿವೆ ಕಿತ್ತು ಎಸೆದೆ. ದವಡೆ ಜೋತುಬಿದ್ದು ಮುಖ ಮತ್ತೆ ವಿಕಾರವಾಯಿತು. ವಿಭೂತಿ ಮೆಣಸಿನ ಧೂಳಿನಲ್ಲಿ ಚೆಲ್ಲಿತು. ಮುತ್ತವ್ವ ನೆಲದ ಮೇಲೆ ಬಿದ್ದವಳು ನನ್ನನ್ನು ನೋಡಿದಳು, ಆಮೇಲೆ ಫೌಜದಾರನ ಜೇಬಿನಲ್ಲಿದ್ದ ಕೈ ನೋಡಿದಳು. ಅವಳಿಗೆ ತಿಳಿಯಿತು.

ಫೌಜದಾರನ ಕೈ ಹೊರಗೆ ಬಂತು. ಕೈಯಲ್ಲಿ ಕರವಸ್ತ್ರ. ಮೇಲಿಂದ ಮೇಲೆ ಸೀನಿ ಮೂಗೊರೆಸಿಕೊಂಡು ನಕ್ಕ. "ಫೋಟೋರಾಯ, ನಿನ್ನ ಹೇಣ್ತಿಗೆ ಪೊಲೀಸ್ ನೌಕರಿ ಕೊಡಸ್ಬೇಕು ನೋಡು. ಲಗೂ ಮುಗಸ್ರಿ, ಈ ಹಾಳು ಘಾಟಿಗೆ ಪ್ರಾಣ ಹೋಗ್ತದ."

ಹೆಣದ ತಲೆ ನಿಲ್ಲುತ್ತಿರಲಿಲ್ಲ. ಹಿಂದಿನಿಂದ ಹಿಡಿ ಎಂದು ಮುತ್ತವ್ವನಿಗೆ ಹೇಳಿದೆ. ಅವಳು ಗೋಡೆಗೆ ಆತು ಕೂತು ಎರಡೂ ಅಂಗೈಯಲ್ಲಿ ಮಗನ ತಲೆ ಹಿಡಿದಳು. "ಅಲುಗಾಡಬ್ಯಾಡ್ರಿ" ಎನ್ನಲು ನನಗೆ ಬಾಯಿ ಬರಲಿಲ್ಲ. ಮುಚ್ಚಳ ತೆಗೆದೆ. ಐದು ವಿಠ್ಠಲ ಅಷ್ಟು ದೂರ ಇರುತ್ತವೆ ಎಂದು ನನಗೆ ಅಂದೇ ಗೊತ್ತಾದದ್ದು.

ಮಣ್ಣಿನಲ್ಲಿ ಕೂರಬೇಕಾದವನನ್ನು ಅಂಗಳದ ಹಿಂದೆ ಚಿಮಣಿ ಎಣ್ಣೆ ಸುರಿದು ಸುಟ್ಟರು. ಅವನ ತಾಯಿ ಸಂಜೆ ತನಕ ಸಾಲಿನಲ್ಲಿ ಕೂತು ತೊಟ್ಟು ಬಿಡಿಸಿದಳು.

ಆ ಪ್ಲೇಟಿನಲ್ಲಿ ಪರಮೇಶಪ್ಪ ಹುಬ್ಬಿನ ಕಲೆ ಕಾಣುವಷ್ಟು ಚೊಕ್ಕಟವಾಗಿ ಮೂಡಿದ್ದ. ಕಿವಿಯ ಹಿಂದಿನ ಬೆರಳುಗಳು ಮಾತ್ರ ನಡುಗಿ ಹೊಗೆಯ ಹಾಗಿದ್ದವು. ಕಲೆಯನ್ನು ಪೆನ್ಸಿಲಿನಿಂದ ಮುಚ್ಚಿ, ಹರಿದ ಕಿವಿಯನ್ನು ಕೂಡಿಸಿ ಫೌಜದಾರನಿಗೆ ಪ್ರತಿಗಳನ್ನು ಕೊಟ್ಟೆ. ಹಾವೇರಿಯ ಕಚೇರಿ ಗೋಡೆಯ ಮೇಲೂ ಅದನ್ನು ಅಂಟಿಸಿದ್ದರು. ಯಾವ ಊರೂ ಇವನು ನಮ್ಮವನು ಎನ್ನಲಿಲ್ಲ. ಮೇಡ್ಲೇರಿಯವರು ನೋಡಿ, ಪಾಪ ಯಾರ ಮಗನೋ ಎಂದರಂತೆ. ಆಮೇಲೆ ನಾನು ಪೆನ್ಸಿಲು ಒರೆಸಿ, ಅದೇ ಪ್ಲೇಟಿನ ಹಣೆಯ ಮೇಲೆ ಮೂರು ಗೆರೆ ಎಳೆದೆ. ಕಾಗದದಲ್ಲಿ ವಿಭೂತಿ ಬೆಳ್ಳಗೆ ಮೂಡಿತು. ನನ್ನ ಕೈ ಚೆಲ್ಲಿದ್ದನ್ನು ನನ್ನ ಕೈಯೇ ಹಚ್ಚಬೇಕಲ್ಲ.

ಮಳೆಗಾಲ ಮುಗಿದ ಮೇಲೆ ಮುತ್ತವ್ವ ಬಂದಳು. ಹಿಂದೆ ಬಳೆಯಿಲ್ಲದ ಬರಿಗೈಯ ಶೇಖವ್ವ, ಕಂಕುಳಲ್ಲಿ ಗಂಡು ಕೂಸು. ನಾನು ಏನಾದರೂ ಹೇಳುವ ಮೊದಲೇ ಮುದುಕಿ ಕೆನ್ನೆ ಸವರಿಕೊಂಡು, "ಕೈ ಬಾಳ ಗಟ್ಟಿ ಐತ್ರಿ ಬಾಯಾರ ನಿಮ್ಮದು," ಎಂದಳು. ನಾನು ಅತ್ತುಬಿಟ್ಟೆ. ಅಲ್ಲಿ ಮೆಣಸಿನಕಾಯಿ ಇರಲಿಲ್ಲ.

ಮೂರು ಗೆರೆಯ ಫೋಟೋ ತಂದು ಕೊಟ್ಟೆ. ಅವಳು ಅದನ್ನು ಕಣ್ಣಿಗೊತ್ತಿಕೊಂಡು ತಿರುಗಿ ನನ್ನ ಕೈಯಲ್ಲಿಟ್ಟಳು.

"ಇದು ನಿಮ್ಮ ಹಂತೇಕ ಇರ್ಲಿ. ಮೊದಲನೇದು ಐತೇನ್ರಿ? ನೀವು ತಿದ್ದೋಕಿಂತ ಮದಲ ಅವ ಅಲುಗಾಡಿದ್ನಂತಲ್ಲ, ರಾಯರು ಹೇಳಿದ್ರು. ಅದು ಬೇಕ್ರಿ."

ಹಳೆಯ ಪ್ಲೇಟು ಹುಡುಕಿ ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿದೆ. ನನ್ನ ಪೆನ್ಸಿಲಿನ ಕೆಲಸವೆಲ್ಲ ಮಸಿಯಾಗಿ ಹತ್ತಿಗೆ ಬಂತು. ಕೆಂಪು ದೀಪದ ಕೆಳಗೆ ಕಾಗದ ತೊಳೆದು ತಂದುಕೊಟ್ಟೆ. ಎರಡು ಮೂಗು, ನಡುಗಿದ ರೆಪ್ಪೆ, ಕಟ್ಟಿದ ಗದ್ದದೊಳಗಿಂದ ಇನ್ನೇನು ನಗುವ ತುಟಿ. ಬೇರೆ ಯಾರಿಗಾದರೂ ಇಂಥ ಫೋಟೋ ಕೊಟ್ಟರೆ ಮುಖಕ್ಕೆ ಎಸೆದು ಹೋಗುತ್ತಾರೆ.

ಮುತ್ತವ್ವ ಅದನ್ನು ಕೂಸಿನ ಮುಂದೆ ಹಿಡಿದಳು.

"ನೋಡಪಾ, ನಿಮ್ಮಪ್ಪ," ಎಂದಳು. "ಉಸರಾಡಾಕತ್ತಾನ."